ಇವತ್ತು ಏನು ಘಮ?

ಜಗಳ ಆಡಬೇಕೆಂದೇ ಬಂದಿದ್ದ ನಂದನ್. ಬಾಳೂರಿನಿಂದ ಚಿಕ್ಕಮಗಳೂರಿನವರೆಗೆ ಬೈಕಿನಲ್ಲಿ ಬರುವಾಗ ತಿರುವಿಗೊಂದರಂತೆ ಮಾತು ಜೋಡಿಸಿಕೊಂಡು, ಕಾಫಿಬೀಜ ಹದಗೊಳಿಸುವ ಕ್ಯೂರಿಂಗ್ ವರ್ಕ್ಸಿನ ಗೇಟು ದಾಟುವಷ್ಟರಲ್ಲಿ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದ. ತಮ್ಮ ತೋಟದ ಕಾಫಿಗೆ ‘ಹೊರಗಿನ ವಾಸನೆ ಹತ್ತಿದೆ’ ಎಂದು ಸ್ಯಾಂಪಲ್ ವಾಪಸ್ ಕಳಿಸಿದವರ ಮೂಗನ್ನು ಅವನು ಒಮ್ಮೆ ಕಣ್ಣಾರೆ ನೋಡಬೇಕಿತ್ತು.

ನೋಡಿದ. ಸಣ್ಣ ಮೂಗು. ಎಡಗಡೆ ಎಳ್ಳುಕಾಳಿನಷ್ಟು ಬಿಳಿ ಹರಳಿನ ಮೂಗುತಿ.

ಆ ಮೂಗಿನ ಒಡತಿ ಬಿಳಿ ಕೋಟು ತೊಟ್ಟು, ಉದ್ದನೆಯ ಮೇಜಿನ ಮೇಲೆ ಸಾಲಾಗಿಟ್ಟ ಬಟ್ಟಲುಗಳಿಂದ ಚಮಚದಲ್ಲಿ ಕಾಫಿ ಎತ್ತಿ, ಇಡೀ ಕೋಣೆಗೆ ಕೇಳುವಂತೆ ‘ಸುರ್ರ್’ ಎಂದು ಹೀರಿ, ಬಾಯೊಳಗೆ ಒಂದು ಸುತ್ತು ಹೊಡೆಸಿ, ಪಕ್ಕದ ಡಬ್ಬಕ್ಕೆ ಉಗಿಯುತ್ತಿದ್ದಳು. ಇಷ್ಟು ಸದ್ದು ಮಾಡಿ ಕಾಫಿ ಕುಡಿಯುವ ಹುಡುಗಿಯನ್ನು, ಉಗಿದರೂ ಇಷ್ಟು ಚಂದ ಕಾಣುವ ಹುಡುಗಿಯನ್ನು ನಂದನ್ ಜನ್ಮದಲ್ಲಿ ನೋಡಿರಲಿಲ್ಲ.

ಬಾಯಿಪಾಠ ಅರ್ಧ ಅಲ್ಲೇ ಮರೆತುಹೋಯಿತು.

“ಟೇಸ್ಟರ್ರು ನೀವೇನಾ?”

“ಹೌದು, ನಾಗಶ್ರೀ. ನೀವು?”

“ನಂದನ್, ಬಾಳೂರು. ನಮ್ ಕಾಫಿಗೆ ಎಂಥದೋ ವಾಸ್ನೆ ಅಂತ ಕಳ್ಸಿದೀರಲ್ಲ. ನಮ್ದು ತೊಳೆದು ಒಣಗಿಸಿದ ಕ್ಲೀನ್ ಪಾರ್ಚ್‌ಮೆಂಟ್ ಮೇಡಂ. ಬೀಜ ಒಣಗಿಸೋ ಕಣಕ್ಕೆ ಚಪ್ಪಲಿ ಹಾಕ್ಕೊಂಡು ಬಂದ್ರೆ ನಮ್ಮಜ್ಜಿ ಅದೇ ಚಪ್ಪಲಿ ತಗೊಂಡು ಹೊಡೀತಾರೆ.”

ಅವಳು ನಗಲಿಲ್ಲ. ಒಂದು ಬಟ್ಟಲನ್ನು ಅವನ ಮುಂದೆ ತಳ್ಳಿ ಚಮಚ ಕೊಟ್ಟಳು. “ನಿಮ್ದೇ. ಕುಡೀರಿ.”

ನಂದನ್ ಕುಡಿದ. ಗಂಭೀರವಾಗಿ ಕಣ್ಣು ಮುಚ್ಚಿ ತೆರೆದ. “ಚೆನ್ನಾಗಿದೆ.”

“ಚೆನ್ನಾಗಿದೆ ಅನ್ನೋದು ರುಚಿ ಅಲ್ಲ ಸರ್. ಅದು ಮದ್ವೆ ಮನೇಲಿ ಎಲೆ ಮುಂದೆ ಕೂತು ಹೇಳೋ ಮಾತು.” ಈಗ ಅವಳ ಕಣ್ಣಂಚಿನಲ್ಲಿ ಏನೋ ಕುಣಿಯಿತು. “ಮೂಟೆ ಪಕ್ಕ ಎಂಥ ಇಟ್ಟಿದೀರಿ ಹೇಳಿ. ನಾವು ಲಿಂಗಾಯತ್ರು, ನಂಗೆ ಅದರ ಹೆಸ್ರು ಗೊತ್ತಿಲ್ಲ. ಮಂಗಳೂರು ಕಡೆಯಿಂದ ಬರೋ ಬಸ್ಸಲ್ಲಿ ಸೀಟಿನಡಿ ಬುಟ್ಟಿ ಇಟ್ಕೊಂಡಿರ್ತಾರಲ್ಲ, ಆ ಬುಟ್ಟಿ ವಾಸ್ನೆ.”

ನಂದನ್ ಪೆಚ್ಚಾದ. ಅಜ್ಜಿ ತಿಮ್ಮಮ್ಮ ಮಳೆಗಾಲಕ್ಕೆಂದು ತರಿಸಿದ ಒಣ ಸಿಗಡಿಯ ಬುಟ್ಟಿಯನ್ನು ಇಲಿ ಕಾಟಕ್ಕೆ ಹೆದರಿ ಗೋಡೌನಿನ ಜಂತಿಗೆ, ಸರಿಯಾಗಿ ಕಾಫಿ ಮೂಟೆಗಳ ನೆತ್ತಿಯ ಮೇಲೆ ತೂಗುಹಾಕಿದ್ದರು. ಕಾಫಿಬೀಜದ ಬುದ್ಧಿಯೇ ಅದು. ಪಕ್ಕದಲ್ಲಿ ಯಾರಿದ್ದರೂ ಅವರ ಗಾಳಿ ಹತ್ತಿಸಿಕೊಳ್ಳುತ್ತದೆ.

ಮನುಷ್ಯರದೂ ಅದೇ ಬುದ್ಧಿ ಎಂದು ಅವನಿಗೆ ಗೊತ್ತಾಗಲು ಇನ್ನೂ ಸ್ವಲ್ಪ ದಿನ ಬೇಕಾಯಿತು.

*

ಆ ಮಳೆಗಾಲ ನಂದನ್‌ಗೆ ಚಿಕ್ಕಮಗಳೂರಿನಲ್ಲಿ ಎಲ್ಲಿಲ್ಲದ ಕೆಲಸ. ಪಕ್ಕದ ತೋಟದವರ ಸ್ಯಾಂಪಲ್, ಅವರ ಪಕ್ಕದವರ ಸ್ಯಾಂಪಲ್, ಸಂಸೆಯ ದೊಡ್ಡಮ್ಮನ ಮನೆಯ ಹಿತ್ತಲಲ್ಲಿ ಬೆಳೆದ ಒಂದು ಹಿಡಿ ಕಾಫಿ, ಎಲ್ಲ ಹೊತ್ತು ತಂದ. ನಾಗಶ್ರೀ ಚಮಚದ ಮೇಲಿಂದ ಕಣ್ಣೆತ್ತಿ ನೋಡುತ್ತಿದ್ದಳು. ಆ ನೋಟ ಚಮಚದ ಅಂಚು ದಾಟಿ ಅವನನ್ನು ಮುಟ್ಟಿ, ತಕ್ಷಣ ಬಟ್ಟಲೊಳಗೆ ಬಿದ್ದುಹೋಗುತ್ತಿತ್ತು.

“ನಿಂಗೆ ತೋಟದಲ್ಲಿ ಕೆಲ್ಸ ಇಲ್ವೇನೋ ಮಾರಾಯ?” ‘ಸರ್’ ಹೋಗಿ ‘ನಂದನ್’ ಆಗಿ, ‘ನಂದನ್’ ಹೋಗಿ ‘ಮಾರಾಯ’ ಬಂದಿತ್ತು.

“ಇದೂ ತೋಟದ ಕೆಲ್ಸಾನೇ. ಕ್ವಾಲಿಟಿ ಕಂಟ್ರೋಲ್.”

ಮೊಮ್ಮಗ ಹೊಸ ಶರ್ಟಿನಲ್ಲಿ ಹೊರಡುವುದನ್ನು ನೋಡಿ ನೋಡಿ ತಿಮ್ಮಮ್ಮ ಒಂದು ದಿನ ಕೇಳಿಯೇಬಿಟ್ಟರು. “ಆ ಹುಡ್ಗಿ ಸಿಗಡಿ ವಾಸ್ನೆಗೇ ಕಾಫಿ ವಾಪಸ್ ಕಳ್ಸಿದ್ಲಂತಲ್ಲ. ಸಿಗಡಿ ತಿನ್ನೋ ಹುಡ್ಗನ್ನ ಇಟ್ಕೊಳ್ತಾಳೇನಾ?”

“ಅಜ್ಜೀ!”

“ನಂಗೇನು, ಕೇಳ್ದೆ ಅಷ್ಟೇ.”

ಡಿಸೆಂಬರಿನಲ್ಲಿ ಹೊಸ ಬೆಳೆ ಬಂತು. ನಂದನ್‌ಗೆ ಒಂದು ಕೋತಿ ಯೋಚನೆಯೂ ಬಂತು. ಒಂದು ಕವರ್ ಹೊಸ ಕಾಫಿಯನ್ನು ಬೇಕೆಂದೇ ಅಜ್ಜಿಯ ಸಿಗಡಿ ಬುಟ್ಟಿಯೊಳಗೆ ಹೂತಿಟ್ಟು, ಚೆನ್ನಾಗಿ ನಾರಿಸಿ ತಂದು ನಾಗಶ್ರೀಯ ಮೇಜಿನ ಮೇಲಿಟ್ಟ. ಅವಳು ಬೈಯುವುದನ್ನು ಕೇಳಬೇಕಿತ್ತು ಅವನಿಗೆ. ಸಿಟ್ಟು ಬಂದಾಗ ಆ ಮೂಗುತಿ ಮಿಂಚುವುದನ್ನು ನೋಡಬೇಕಿತ್ತು.

ಅವಳು ಹುರಿದಳು, ಪುಡಿ ಮಾಡಿದಳು, ಬಿಸಿನೀರು ಸುರಿದಳು. ಸುರ್ರ್. ಉಗಿದಳು.

“ಕ್ಲೀನ್ ಕಪ್, ಯಾವ ದೋಷಾನೂ ಇಲ್ಲ,” ಅಂದಳು. “ಕೊನೇಲಿ ಒಂಚೂರು ಬೆಲ್ಲದ ಥರ ಇದೆ.”

ನಂದನ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುನಗುತ್ತಲೇ ಅವಳ ಮುಖ ನೋಡಿದ. ಅವಳು ತಮಾಷೆ ಮಾಡಿರಲಿಲ್ಲ.

“ಎಂಥ ಹಾಕಿದೀಯ ಇದ್ರಲ್ಲಿ?”

“ತಮಾಷೆಗೆ... ಸಿಗಡಿ ಬುಟ್ಟೀಲಿ ಇಟ್ಟಿದ್ದೆ. ವಾರಗಟ್ಲೆ.”

ಅವಳು ಬಟ್ಟಲನ್ನು ಮೂಗಿಗೆ ಹಿಡಿದಳು. ಪುಡಿಯನ್ನು ಹಿಡಿದಳು. ಕೊನೆಗೆ ಅವನು ತಂದ ಕವರಿನೊಳಗೇ ಮುಖ ಇಟ್ಟು ಉಸಿರೆಳೆದಳು. ಆಚೆ ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ಮೂಗು ಮುಚ್ಚಿಕೊಂಡ. ನಾಗಶ್ರೀ ನಿಧಾನವಾಗಿ ಕುರ್ಚಿಯ ಮೇಲೆ ಕೂತಳು.

“ಬಲಗಡೆ ಮೂಗು ಕಟ್ಟಿ ತಿಂಗಳುಗಳೇ ಆಯ್ತು ನಂದನ್. ಇಲ್ಲಿನ ಧೂಳಿಗೆ ಅಲರ್ಜಿ ಅಂದ್ಕೊಂಡೆ. ಒಂದೆರಡ್ಸಲ ರಕ್ತಾನೂ ಬಂತು. ಯಾರಿಗೂ ಹೇಳಿಲ್ಲ.” ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದಳು. “ನಂಗೆ ಏನೂ ಬರ್ತಾ ಇಲ್ಲ.”

*

ಬೆಂಗಳೂರಿನ ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದರು. ಮೂಗಿನ ಬೇರಿನಲ್ಲಿ, ವಾಸನೆಯ ನರ ಮಿದುಳಿಗೆ ಸೇರುವ ಜಾಗದಲ್ಲೇ ಬೆಳೆದ ಕ್ಯಾನ್ಸರ್ ಗಡ್ಡೆ. ಅಪರೂಪದ್ದು. ಕಣ್ಣಿಗೂ ಮಿದುಳಿಗೂ ತಾಗದಂತೆ ತೆಗೆದು, ಆಮೇಲೆ ಒಂದು ಬಗೆಯ ಕಿರಣ ಚಿಕಿತ್ಸೆ ಕೊಡಬೇಕು. ಅದಕ್ಕೆ ಜರ್ಮನಿಗೆ ಹೋಗುವುದು ಒಳ್ಳೆಯದು ಅಂದರು. ನಾಗಶ್ರೀಯ ಸೋದರಮಾವ ಅಲ್ಲೇ ಇದ್ದರು. ವೀಸಾಕ್ಕೆ ಓಡಾಟ ಶುರುವಾಯಿತು.

ಕೆಲಸದ ಕೊನೆಯ ದಿನ ಅವಳು ಬಟ್ಟಲುಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ನಂದನ್ ಒರೆಸಿ ಕೊಡುತ್ತಿದ್ದ.

“ಜೀವ ಉಳೀಬಹುದು ಅಂದ್ರು. ಎಡಗಡೆ ಆಗೊಮ್ಮೆ ಈಗೊಮ್ಮೆ ಒಂಚೂರು ಬರೋ ವಾಸ್ನೇನೂ ಉಳಿಯಲ್ವಂತೆ. ಆ ನರಾನೇ ತೆಗೀತಾರೆ.” ಯಾರದೋ ತೋಟದ ಸುದ್ದಿ ಹೇಳುವಂತೆ ಹೇಳಿದಳು.

“ನಾಗಶ್ರೀ, ನಾನು ನಿಂಗೆ ಒಂದು ಮಾತು...”

ಅವಳು ಒದ್ದೆ ಚಮಚವನ್ನು ಅವನ ತುಟಿಗೆ ಅಡ್ಡ ಇಟ್ಟಳು. ತಣ್ಣಗಿತ್ತು.

“ಬೇಡ. ಹೇಳ್ಬೇಡ. ನೀನು ಹೇಳಿದ್ರೆ ನಾನು ಹೂಂ ಅಂದ್ಬಿಡ್ತೀನಿ. ಹೂಂ ಅಂದ್ರೆ ನೀನು ಕಾಯ್ತೀಯ. ನಾನು ಬರ್ದೇ ಇದ್ರೆ?”

“ಬರ್ತೀಯ.”

“ನೀನೇನು ಡಾಕ್ಟ್ರಾ? ಕಾಯೋರು ಇದಾರೆ ಅಂತ ಗೊತ್ತಿದ್ರೆ ನಂಗೆ ಸಾಯೋಕೂ ಭಯ ಆಗುತ್ತೆ ಮಾರಾಯ. ಸುಮ್ನೆ ಇರು.”

ಸುಮ್ಮನಿದ್ದ. ಆದರೆ ಸುಮ್ಮನೆ ಕೂರುವ ಜಾತಿಯ ಹುಡುಗನಲ್ಲ ಅವನು.

ಕಾಫಿ ಹೂವಿಗೆ ಒಂದು ಗುಟ್ಟಿದೆ. ಗಿಡ ಬಾಯಾರಿ ಬಾಯಾರಿ ಮೊಗ್ಗನ್ನು ಬಿಗಿಹಿಡಿದಿರುತ್ತದೆ. ಮೊದಲ ಹದಮಳೆ ಬಿದ್ದು ಒಂದು ವಾರ ಕಳೆಯುತ್ತಿದ್ದಂತೆ ಇಡೀ ಗುಡ್ಡ ಒಂದೇ ಬೆಳಗ್ಗೆ ಬಿಳಿಯಾಗುತ್ತದೆ. ಮಳೆಗೆ ಕಾಯದೆ ಸ್ಪ್ರಿಂಕ್ಲರಿನಲ್ಲಿ ನೀರು ಕೊಟ್ಟು ರೊಬಸ್ಟಾ ತಳಿಯ ಕಾಫಿಗೆ ಹೂ ಬಿಡಿಸುವುದೂ ಉಂಟು. ಆದರೆ ಅದಕ್ಕೊಂದು ಕಾಲವಿದೆ. ನಾಗಶ್ರೀ ಕೊನೆಯದಾಗಿ ಒಮ್ಮೆ ಆ ಘಮ ಹಿಡಿಯಲಿ ಎಂಬುದು ಅವನ ಆಸೆ; ಅವಳು ಹೊರಡುವ ದಿನವೋ ಆ ಕಾಲಕ್ಕಿಂತ ಮುಂಚೆ ಇತ್ತು.

ಜನವರಿಯಲ್ಲಿ, ಕೊಯ್ಲು ಮುಗಿದ ಮರುದಿನವೇ ನಂದನ್ ಮನೆ ಕೆಳಗಿನ ರೊಬಸ್ಟಾ ಬ್ಲಾಕಿಗೆ ಪೈಪು ಎಳೆಸಿದ.

ಮೇಸ್ತ್ರಿ ದೇವರಾಜ ತಲೆ ಕೆರೆದುಕೊಂಡ. “ಸಣ್ ಗೌಡ್ರೇ, ಮೊಗ್ಗು ಇನ್ನೂ ಎಳಸು. ಈಗ ನೀರು ಬಿಟ್ರೆ ಅರ್ಧ ಅರಳ್ತದೆ, ಅರ್ಧ ಮುದುಡ್ತದೆ. ಕಾಯಿ ಕಚ್ಚೋದು ಡೌಟು.”

“ಅರ್ಧ ಸಾಕು ದೇವರಾಜಣ್ಣ.”

“ಎಂಥದು ಸಾಕು? ಬೆಳೆ ಬೇಡ್ವಾ ಈ ಬ್ಲಾಕಿಂದು?”

ಜಗಲಿಯಲ್ಲಿ ಕೂತಿದ್ದ ತಿಮ್ಮಮ್ಮ ಎಲೆಗೆ ಸುಣ್ಣ ಸವರುತ್ತ ಕೂಗಿದರು. “ಬಿಡಾ ದೇವರಾಜ, ಅವ್ನು ಹೇಳ್ದಂಗೆ ಬಿಡು ನೀರು. ಆ ಬ್ಲಾಕು ನನ್ ಹೆಸ್ರಲ್ಲಿರೋದು. ಈ ವರ್ಷ ಅದು ಕಾಯಿ ಬಿಡ್ದಿದ್ರೆ ನಾನೇನು ಅದ್ನ ಮನೆ ಬಿಟ್ಟು ಓಡಿಸ್ತೀನಾ?”

*

ಹೊರಡುವ ಮುಂಚಿನ ದಿನ ನಾಗಶ್ರೀ ಅಪ್ಪನ ಜೊತೆ ಬಾಳೂರಿಗೆ ಬಂದಳು. ಅಪ್ಪ ಷಡಕ್ಷರಿಗೆ ಚಿಕ್ಕಮಗಳೂರಿನ ಪೇಟೆಯಲ್ಲಿ ಕಾಫಿಪುಡಿ ಅಂಗಡಿ. ಅವರು ಕಾರಿನ ಬಳಿಯೇ ನಿಂತರು. ಮಗಳು ಒಬ್ಬಳೇ ತೋಟಕ್ಕಿಳಿದಳು.

ದೇವರಾಜ ಹೇಳಿದ್ದೇ ಆಗಿತ್ತು. ಅರ್ಧ ಗಿಡಗಳು ಅರಳಿ, ಅರ್ಧ ಹಸಿರಾಗೇ ಉಳಿದಿದ್ದವು. ಹಾಗಿದ್ದರೂ ರೆಂಬೆ ರೆಂಬೆಗೂ ಗೊಂಚಲು ಗೊಂಚಲು ಬಿಳಿ. ಜೇನ್ನೊಣಗಳು ನಂಬಲಾಗದೆ ಹುಚ್ಚೆದ್ದಿದ್ದವು. ಅವಳ ನೀಲಿ ಚೂಡಿದಾರದ ತೋಳಿಗೆ ಎಸಳುಗಳು ಅಂಟಿದವು. ಅವುಗಳ ಮೇಲೆ ನಂದನ್‌ಗೆ ಹೊಟ್ಟೆಕಿಚ್ಚಾಯಿತು.

ಅವಳು ಒಂದು ರೆಂಬೆ ಬಗ್ಗಿಸಿ, ಕಣ್ಣು ಮುಚ್ಚಿ, ಉಸಿರೆಳೆದಳು.

“ಬರ್ತಾ ಇದ್ಯಾ?”

“ಹೂಂ. ಚೆನ್ನಾಗಿದೆ.”

ಚೆನ್ನಾಗಿದೆ ಎನ್ನುವ ಮಾತನ್ನು ಈ ಹುಡುಗಿ ಯಾವತ್ತೂ ಆಡಿದವಳಲ್ಲ.

“ಸುಳ್ಳು.”

ರೆಂಬೆ ಅವಳ ಕೈ ತಪ್ಪಿ ಚಿಮ್ಮಿತು. ಇಬ್ಬರ ಮೇಲೂ ಹೂವು ಉದುರಿತು.

“ನೀನು ಇಷ್ಟೆಲ್ಲ ಮಾಡಿದೀಯ... ಏನಂತ ಹೇಳ್ಲಿ ನಾನು?” ಕಣ್ಣು ತುಂಬಿದ್ದರೂ ಗದರುವ ದನಿ. “ಹೋಗ್ಲಿ, ನೀನೇ ಹೇಳು. ಹೆಂಗಿದೆ?”

“ಮಲ್ಲಿಗೆ ಥರ...”

“ಎಲ್ರೂ ಅದನ್ನೇ ಹೇಳ್ತಾರೆ. ಬೇರೆಯವ್ರು ಹೇಳಿದ್ದು ಬೇಡ. ನಿನ್ ಮೂಗಿಗೆ ಏನು ಬರ್ತಿದೆ, ಅದನ್ನ ಹೇಳು.”

ಹುಟ್ಟಿದಾಗಿನಿಂದ ಇದೇ ಹೂವಿನ ನಡುವೆ ಬೆಳೆದ ನಂದನ್ ಮೊದಲ ಸಲ ಅದನ್ನು ಮೂಸಿದ. ನಿಜವಾಗಿ ಮೂಸಿದ.

“ಮೊದ್ಲು... ಹಾಲು ಕೆನೆ ಕಟ್ಟುತ್ತಲ್ಲ, ಆ ಹೊತ್ತಿಂದು. ಅದರ ಹಿಂದೆ, ಬಿಸಿಲಲ್ಲಿ ಒಣಗಿದ ಬಿಳಿ ಪಂಚೇನ ಮುಖಕ್ಕೆ ಒತ್ಕೊಂಡ ಹಂಗೆ. ಆಮೇಲೆ ಕೊನೇಲಿ ಒಂಚೂರು ಕಹಿ ಇದೆ. ನಿಂಬೆ ಎಲೆ ಹಿಸುಕಿದ್ರೆ ಬರುತ್ತಲ್ಲ, ಅಷ್ಟೇ ಅಷ್ಟು.”

ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮುಖ ನಿಧಾನವಾಗಿ ಬಿಚ್ಚಿಕೊಂಡಿತು.

“ಹೂಂ. ಅದೇ. ಆ ಕಹಿ ಯಾರೂ ಹೇಳಲ್ಲ ನೋಡು. ನೀನು ಹಿಡ್ದೆ.”

ಅಷ್ಟರಲ್ಲಿ ಮೇಲಿನಿಂದ ಷಡಕ್ಷರಿ ಕೂಗಿದರು. “ನಾಗೂ, ಹೊರಡೋಣ್ವಾ ಮಗಾ?”

ಹೋಗುವಾಗ ಅವಳು ತಿರುಗಿ ನೋಡಲಿಲ್ಲ. ತೋಳಿಗಂಟಿದ ಎಸಳನ್ನು ಕೊಡವಿಕೊಳ್ಳಲೂ ಇಲ್ಲ.

*

ಜರ್ಮನಿಯಿಂದ ಬಂದ ಮೊದಲ ಮೆಸೇಜ್: “ಇಲ್ಲಿ ಎಲ್ಲ ಬಿಳಿ. ಹೂವಲ್ಲ, ಹಿಮ. ಇವತ್ತು ಅಲ್ಲಿ ಏನು ಘಮ?”

ಬಾಳೂರಿನ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಮೇಲಿನ ರಸ್ತೆಯ ಒಂದು ತಿರುವಿನಲ್ಲಿ ಮಾತ್ರ, ಮೈಲಿಕಲ್ಲಿನ ಮೇಲೆ ಹತ್ತಿ ನಿಂತರೆ, ಎರಡು ಕಡ್ಡಿ ಸಿಗ್ನಲ್. ನಂದನ್ ಪ್ರತಿ ಸಂಜೆ ಅಲ್ಲಿ ನಿಂತು ವಾಯ್ಸ್ ಮೆಸೇಜ್ ಕಳಿಸತೊಡಗಿದ.

“ಇವತ್ತು ದೇವರಾಜಣ್ಣನ ಜೀಪಿನ ಕ್ಲಚ್ಚು ಸುಟ್ಟಿದ್ದು. ಅವ್ನು ಬೈದ ಬೈಗುಳಕ್ಕೂ ಒಂದು ವಾಸ್ನೆ ಇತ್ತು, ಅದನ್ನ ಹೇಳೋ ಹಂಗಿಲ್ಲ.”

“ಇವತ್ತು ಅಜ್ಜಿ ಅಕ್ಕಿರೊಟ್ಟಿ ಸೀದಿಸಿದ್ರು. ಬೇಕಂತ ಸೀದಿಸಿದ್ದಂತೆ. ‘ಆ ಹುಡ್ಗಿಗೆ ಹೇಳಾ’ ಅಂದ್ರು.”

“ಇವತ್ತು ಮೊದಲ ಮಳೆ. ಮಣ್ಣಿಗಿಂತ ಮುಂಚೆ ಧೂಳು ವಾಸ್ನೆ ಬರುತ್ತೆ, ಗೊತ್ತಾ? ಹಳೇ ಗೋಣಿಚೀಲ ಕೊಡವಿದ ಹಂಗೆ. ಮಣ್ಣು ಆಮೇಲೆ.”

ಒಂದು ದಿನ ಷಡಕ್ಷರಿಯವರ ಅಂಗಡಿಗೂ ಹೋದ. ಮಗಳ ಆಪರೇಷನ್ ಆಗಿ ಕೆಲವೇ ದಿನ. ಅವರ ಗಡ್ಡ ಬೆಳೆದಿತ್ತು.

“ಏನಪ್ಪಾ, ಪುಡಿ ಬೇಕಾ?”

“ಇಲ್ಲ ಸರ್. ವಾಸ್ನೆ.”

ಷಡಕ್ಷರಿ ಅವನನ್ನೇ ನೋಡಿದರು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಹುರಿದ ಬೀಜ ಸುರಿದು ಗ್ರೈಂಡರಿನ ಸ್ವಿಚ್ ಒತ್ತಿದರು. ಬಿಸಿ ಪುಡಿಯ ಹಬೆ ಎದ್ದಿತು. ಇಬ್ಬರು ಗಂಡಸರೂ ಆ ಹಬೆಯಲ್ಲಿ ನಿಂತರು. ಕಣ್ಣು ಒರೆಸಿಕೊಳ್ಳುವುದಕ್ಕೆ ಪುಡಿಯ ನೆಪ ಇತ್ತು.

“ಸರಿಯಾಗಿ ಹೇಳು ಅವಳಿಗೆ,” ಅಂದರು ಷಡಕ್ಷರಿ. “ಇದು ಅವಳ ತೊಟ್ಟಿಲು ತೂಗಿದ ವಾಸ್ನೆ.”

ಸರಿಯಾಗಿಯೇ ಹೇಳಿದ. ಎಷ್ಟೋ ಹೊತ್ತು ಆದಮೇಲೆ ಉತ್ತರ ಬಂತು.

“ನಂದನ್, ಇನ್ಮೇಲೆ ಕಳಿಸ್ಬೇಡ. ಕೇಳಿದ್ರೆ ಮುಂಚೆ ನೆನಪಾಗ್ತಿತ್ತು. ಈಗ ಆಗ್ತಾ ಇಲ್ಲ. ಅಪ್ಪನ ಅಂಗಡೀದೂ ಆಗ್ಲಿಲ್ಲ. ಬರೀ ಮಾತು ಕೇಳ್ತಿದೆ. ಪ್ಲೀಸ್.”

ನಂದನ್ ನಿಲ್ಲಿಸಿದ. ಮೆಸೇಜ್ ಮಾತ್ರ ನಿಲ್ಲಿಸಿದ. ಸಂಜೆಯಾದರೆ ಕಾಲು ತಾನಾಗಿ ತಿರುವಿಗೆ ಹೋಗುತ್ತಿತ್ತು. ಮೈಲಿಕಲ್ಲು ಹತ್ತಿ, ಫೋನು ಹಿಡಿದು, ಅವಳ ಡಿಪಿ ನೋಡಿ ಇಳಿದು ಬರುತ್ತಿದ್ದ. ಅವಳು ಆನ್‌ಲೈನ್ ಇದ್ದರೆ ಆ ದಿನ ಊಟ ಸೇರುತ್ತಿತ್ತು. ಬೇಡ ಅಂದವಳನ್ನು ಬೇಕು ಅನ್ನುತ್ತ ನಿಲ್ಲುವುದು ಎಷ್ಟು ಕಷ್ಟವೋ, ಬೇಕು ಅನ್ನುವುದನ್ನು ಬಾಯೊಳಗೇ ಇಟ್ಟುಕೊಂಡು ನಿಲ್ಲುವುದು ಅದಕ್ಕಿಂತ ಕಷ್ಟ. ಮುಂಚೆ ಅವಳ ಸಲುವಾಗಿ ಮೂಸುತ್ತಿದ್ದ. ಈಗ ಅವಳಿಗೆ ಹೇಳಲಾಗದ್ದಕ್ಕೆ ಎಲ್ಲವೂ ಇನ್ನಷ್ಟು ಜೋರಾಗಿ ಘಮಘಮಿಸಿ ಕಾಡುತ್ತಿತ್ತು.

ದೇವರಾಜ ಜೀಪು ನಿಲ್ಲಿಸಿ ಕೇಳುತ್ತಿದ್ದ. “ಬಂತಾ ಸಣ್ ಗೌಡ್ರೇ?”

“ಇಲ್ಲ ದೇವರಾಜಣ್ಣ.”

“ನಾಳೆ ಬರ್ತದೆ ಬಿಡಿ.”

*

ಮೇ ತಿಂಗಳ ಕೊನೆ. ಮೋಡ ಮುಸುಕಿದ ಸಂಜೆ. ಕಳೆ ಕೀಳುವ ಕೆಲಸ ಮುಗಿಸಿದ ಹೆಂಗಸರನ್ನು ತುಂಬಿಕೊಂಡು ದೇವರಾಜನ ಜೀಪು ತಿರುವಿಗೆ ಬರುವುದಕ್ಕೂ ನಂದನ್‌ನ ಫೋನು ರಿಂಗಾಗುವುದಕ್ಕೂ ಸರಿಹೋಯಿತು. ಮೆಸೇಜ್ ಅಲ್ಲ, ಕಾಲ್.

“ನಂದನ್.” ಅದೇ ದನಿ. ಸ್ವಲ್ಪ ಬೇರೆ, ಒಳಗೆ ಗಾಳಿಗೆ ಹೊಸ ದಾರಿ ಸಿಕ್ಕಂತೆ. “ಯಾಕೆ ಏನೂ ಕಳಿಸ್ತಿಲ್ಲ?”

“ನೀನೇ ಬೇಡ ಅಂದ್ಯಲ್ಲ.”

“ನಾನು ಬೇಡ ಅಂದಿದ್ದನ್ನೆಲ್ಲ ಕೇಳ್ತೀಯೇನೋ ಮಾರಾಯ!”

ನಂದನ್‌ಗೆ ಮೈಲಿಕಲ್ಲಿನ ಮೇಲೆ ಬ್ಯಾಲೆನ್ಸ್ ತಪ್ಪಿತು. ದೇವರಾಜ ಜೀಪಿನ ಇಂಜಿನ್ ಆಫ್ ಮಾಡಿದ.

“ಕಿರಣ ಇವತ್ತಿಗೆ ಮುಗೀತು,” ಅಂದಳು. “ಈಗಿನ ಮಟ್ಟಿಗೆ ಏನೂ ಕಾಣ್ತಿಲ್ಲ ಅಂದ್ರು. ಆದ್ರೆ ಆಗಾಗ ಸ್ಕ್ಯಾನ್ ಮಾಡ್ತಾನೇ ಇರ್ಬೇಕು. ಗ್ಯಾರಂಟಿ ಯಾರೂ ಕೊಡಲ್ಲ. ಕೇಳಿಸ್ತಾ ಇದ್ಯಾ?”

“ಹೂಂ.”

“ಕೆಲ್ಸಕ್ಕೆ ವಾಪಸ್ ಹೋಗೋಕಾಗಲ್ಲ. ಕಾಫಿ ಕುಡಿದ್ರೆ ಬಿಸಿನೀರು, ಕಹಿ, ಅಷ್ಟೇ. ಅಳು ಬರುತ್ತೆ. ನೀನು ಕಾಯ್ಬಾರ್ದು ಅಂತ ನಿನ್ ಬಾಯಿ ಮುಚ್ಚಿಸ್ದೆ. ಇಲ್ಲಿ ನೋಡಿದ್ರೆ, ದಿನಾ ಮಧ್ಯಾಹ್ನ ಫೋನು ಎದೆ ಮೇಲೆ ಇಟ್ಕೊಂಡು ಕಾಯ್ತಾ ಇದ್ದೋಳು ನಾನು. ಅಲ್ಲಿ ಸಂಜೆ ಆಯ್ತು, ತಿರುವಿಗೆ ಬಂದಿರ್ತಾನೆ, ಕಲ್ಲು ಹತ್ತಿರ್ತಾನೆ ಅಂತ. ಹೇಳು ಈಗ. ಅವತ್ತು ಹೇಳೋಕೆ ಹೊರಟಿದ್ಯಲ್ಲ.”

“ನಾಗಶ್ರೀ, ನಂಗೆ ನೀನು...”

ಗಾಳಿ ಬೀಸಿತು. ಎರಡು ಕಡ್ಡಿ ಒಂದಾಯಿತು.

“ಹಲೋ? ಹಲೋ? ಕಟ್ ಆಗ್ತಿದೆ.”

“ನಂಗೆ ನೀನು ಬೇಕು!” ನಂದನ್ ಕಿರುಚಿದ. “ಸ್ಕ್ಯಾನಿಗೂ ಬರ್ತೀನಿ, ಡಾಕ್ಟ್ರ ಹತ್ರಾನೂ ಬರ್ತೀನಿ, ಎಷ್ಟ್ ದಿನ ಇದ್ರೆ ಅಷ್ಟೂ ದಿನ ಬೇಕು! ನಿನ್ನೇ ಮದ್ವೆ ಆಗ್ತೀನಿ!”

ಎದುರಿನ ಗುಡ್ಡ ಅದನ್ನು ಇನ್ನೊಮ್ಮೆ ಹೇಳಿತು. ಜೀಪಿನ ಹಿಂಬದಿಯಲ್ಲಿ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. “ಅಯ್ಯೋ, ಕೇಳ್ಸ್ತಂತಾ ಅವ್ರಿಗೆ?” ಎಂದಳು ಒಬ್ಬಳು. “ನಮ್ಗಂತೂ ಕೇಳ್ಸ್ತು!” ಎಂದಳು ಇನ್ನೊಬ್ಬಳು.

ಒಂದು ಕಡ್ಡಿ ಮತ್ತೆ ಎರಡಾಯಿತು. ಆಮೇಲೆ ಅವಳು, ಬಹಳ ಹತ್ತಿರದಿಂದ: “ಒಂದ್ ವಿಷ್ಯ ಯೋಚ್ನೆ ಮಾಡಿದೀಯಾ? ನೀನು ಎದುರಿಗೆ ಬಂದು ನಿಂತ್ರೂ ನಿನ್ ವಾಸ್ನೆ ನಂಗೆ ಯಾವತ್ತೂ ಗೊತ್ತಾಗಲ್ಲ.”

“ಇನ್ನೂ ಹತ್ರ ಬಂದು ನಿಲ್ತೀನಿ.”

“ಥೂ, ಕೋತಿ.” ನಗುತ್ತಿದ್ದಳೋ ಅಳುತ್ತಿದ್ದಳೋ, ಅಷ್ಟು ದೂರದಿಂದ ತಿಳಿಯಲಿಲ್ಲ. “ಹೂಂ. ಹೂಂ ಅಂದೆ ಕಣೋ. ಫೋನ್ ಇಡ್ಬೇಡ.”

ದೇವರಾಜ ಸದ್ದಿಲ್ಲದೆ ಗೇರು ಬದಲಿಸಿ, ಇಂಜಿನ್ ಹಾಕದೆ, ಜೀಪನ್ನು ಇಳಿಜಾರಿಗೆ ಉರುಳಲು ಬಿಟ್ಟ.

ಇಬ್ಬರಿಗೂ ಮಾತು ಮುಗಿದಿತ್ತು. ನಂದನ್ ಮೈಲಿಕಲ್ಲಿನ ಮೇಲೆ ಅಲ್ಲಾಡದೆ ಕೂತು ಫೋನನ್ನು ಕಿವಿಗೊತ್ತಿ ಹಿಡಿದ. ಆ ಕಡೆಯಿಂದ ಅವಳ ಉಸಿರು ಕೇಳುತ್ತಿತ್ತು. ಆ ಉಸಿರು ಯಾವ ಘಮವನ್ನೂ ಹೊತ್ತು ತರುತ್ತಿರಲಿಲ್ಲ. ಆದರೆ ಎಲ್ಲೂ ಕಟ್ಟಿಕೊಳ್ಳದೆ, ಎರಡೂ ಹೊಳ್ಳೆಗಳಿಂದ ಸರಾಗವಾಗಿ ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.